ಹಳೆಯ ಪಿಕಪ್ ವಾಹನದ ತುಕ್ಕು ಹಿಡಿದ ತಗಡುಗಳ ಬದಲಾವಣೆ

ಸಣ್ಣ ಸರಕು ಸಾಗಣೆ ವಾಹನದ ಆಯುಷ್ಯವನ್ನು ಅದರ ಇಂಜಿನ್ನು ನಿರ್ಧರಿಸುತ್ತದೆ ಎಂಬುದು ಸಾಮಾನ್ಯವಾದ ನಂಬಿಕೆ. ಕಡಲ ತೀರದ ನಗರಗಳ ಅನುಭವ ಇದಕ್ಕಿಂತ ಭಿನ್ನವಾದುದು. ಇಂಜಿನ್ನನ್ನು ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ ಮತ್ತೆ ಓಡಿಸಬಹುದು; ಗೇರುಪೆಟ್ಟಿಗೆಯೂ ಹಾಗೆಯೇ. ಆದರೆ ವಾಹನದ ಒಡಲು ಒಳಗಿನಿಂದ ಕರಗತೊಡಗಿದರೆ ಅದು ಮಾಲೀಕನ ಗಮನಕ್ಕೆ ಬರುವುದೇ ತಡವಾಗಿ. ಬಾಗಿಲಿನ ಕೆಳಅಂಚಿನಲ್ಲಿ ಬಣ್ಣವು ಗುಳ್ಳೆಯಂತೆ ಉಬ್ಬಿತೆಂದರೆ ಹೊಸದಾಗಿ ತುಕ್ಕು ಹತ್ತಿತು ಎಂದು ತಿಳಿಯುವುದು ಸರಿಯಲ್ಲ. ಒಳಮೈಯಲ್ಲಿ ಬಹುಕಾಲದ ಹಿಂದೆ ಮೊದಲಾದ ತುಕ್ಕು ತಗಡನ್ನು ಪೂರ್ತಿ ತಿಂದು ಈಗ ಹೊರಗೆ ಬಂದಿದೆ ಎಂದು ತಿಳಿಯಬೇಕು. ತಗಡು ಬದಲಾವಣೆಯ ಕೆಲಸವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಉದಾಹರಣೆಗೆ, ಮುಂಬಯಿಯ ಸಸೂನ್ ಡಾಕ್‌ನಿಂದ ಅಥವಾ ಚೆನ್ನೈಯ ಕಾಸಿಮೇಡು ಬಂದರಿನಿಂದ ಪ್ರತಿದಿನ ಬೆಳಗಿನ ಜಾವ ಮೀನು ತುಂಬಿಕೊಂಡು ಹೊರಡುವ ಹದಿಮೂರು ಹದಿನಾಲ್ಕು ವರ್ಷ ಹಳೆಯದಾದ ಒಂದು ಪಿಕಪ್ ವಾಹನವನ್ನು ಕಲ್ಪಿಸಿಕೊಳ್ಳಬಹುದು. ಬುಟ್ಟಿಗಳಲ್ಲಿ ಮೀನು, ಮೀನಿನ ಮೇಲೆ ಪುಡಿ ಮಾಡಿದ ಮಂಜುಗಡ್ಡೆ. ಮಂಜು ಕರಗಿದಂತೆ ಉಪ್ಪುನೀರು ಹಾಸುತಗಡಿನ ಮೇಲೆ ಹರಿದು, ಮೂಲೆಗಳಲ್ಲಿ ನಿಂತು, ಬೋಲ್ಟುಗಳ ರಂಧ್ರದಿಂದ ಕೆಳಗಿನ ಅಡ್ಡಪಟ್ಟಿಗಳೊಳಕ್ಕೆ ಇಳಿಯುತ್ತದೆ. ಮಲ್ಪೆ, ಮಂಗಳೂರುಗಳ ಧಕ್ಕೆಯನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ವಾಹನವನ್ನು ಸಂಜೆ ತೊಳೆದರೂ ತೊಳೆಯುವ ನೀರು ತಲುಪುವುದು ಮೇಲ್ಮೈಗೆ ಮಾತ್ರ. ಉಪ್ಪು ಉಳಿಯುವುದು ಎರಡು ತಗಡುಗಳ ನಡುವೆ. ಇಂಥ ವಾಹನವೇ ಒಂದು ಕುಟುಂಬದ ಏಕೈಕ ಜೀವನಾಧಾರವಾಗಿರುವಾಗ, ಅದನ್ನು ದುರಸ್ತಿ ಮಾಡಿಸಬೇಕೆ, ಮಾರಬೇಕೆ, ಮಾಡಿಸಿದರೆ ಎಷ್ಟು ಮಾಡಿಸಬೇಕು ಎಂಬ ಪ್ರಶ್ನೆಗಳು ಸಣ್ಣವಲ್ಲ.

ತುಕ್ಕಿನ ಸ್ವಭಾವ

ಕಬ್ಬಿಣವು ನೀರು ಮತ್ತು ಆಮ್ಲಜನಕಗಳೊಡನೆ ಸೇರಿ ಜಲಯುಕ್ತ ಆಕ್ಸೈಡಾಗಿ ಮಾರ್ಪಡುವುದೇ ತುಕ್ಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಈ ಕ್ರಿಯೆ ನಡೆಯದು. ಉಪ್ಪು ಸ್ವತಃ ಕಬ್ಬಿಣವನ್ನು ತಿನ್ನುವುದಿಲ್ಲ. ಆದರೆ ಅದು ನೀರಿನ ವಿದ್ಯುದ್ವಾಹಕ ಗುಣವನ್ನು ಹೆಚ್ಚಿಸಿ ಕ್ರಿಯೆಯ ವೇಗವನ್ನು ಬಹಳ ಪಟ್ಟು ಏರಿಸುತ್ತದೆ. ಉಪ್ಪಿಗೆ ಗಾಳಿಯಿಂದ ತೇವವನ್ನು ಎಳೆದುಕೊಳ್ಳುವ ಗುಣವೂ ಇರುವುದರಿಂದ ಮಳೆಯಿಲ್ಲದ ದಿನಗಳಲ್ಲಿಯೂ ಕಡಲತೀರದ ವಾಹನದ ಸಂದುಗಳು ಒದ್ದೆಯಾಗಿಯೇ ಇರುತ್ತವೆ. ದೆಹಲಿಯಲ್ಲಿ ಓಡುವ ವಾಹನ ಮುಂಬಯಿಯ ವಾಹನದಷ್ಟು ಬೇಗ ತುಕ್ಕು ಹಿಡಿಯದಿರಲು ಇದೇ ಮುಖ್ಯ ಕಾರಣ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆದ್ದರಿಂದಲೇ ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ಬೆಸೆದ ಕಡೆ ಅವು ಹೊಟ್ಟೆ ಉಬ್ಬಿದಂತೆ ಬೇರ್ಪಡುತ್ತವೆ. ಅದು ಸಡಿಲವಾದ ಪದರವಾದ್ದರಿಂದ ಒಳಗಿನ ಲೋಹವನ್ನು ಕಾಯುವುದೂ ಇಲ್ಲ. ಸ್ಪಂಜಿನಂತೆ ನೀರನ್ನು ಹಿಡಿದಿಟ್ಟು ಕೆಲಸವನ್ನು ಮುಂದುವರಿಸುತ್ತದೆ.

ಇಲ್ಲಿ ದೆಹಲಿಯ ಮೆಹ್ರೌಲಿಯಲ್ಲಿರುವ ಉಕ್ಕಿನ ಕಂಬವೆಂದು ಜನ ಕರೆಯುವ ಕಬ್ಬಿಣದ ಸ್ತಂಭವನ್ನು ನೆನೆಯುವುದು ಅಪ್ರಸ್ತುತವಾಗದು. ಸುಮಾರು 1600 ವರ್ಷಗಳಿಂದ ಅದು ಬಯಲಿನಲ್ಲಿ ನಿಂತಿದೆ. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಮೈಮೇಲೆ ಕಬ್ಬಿಣದ ಫಾಸ್ಫೇಟಿನ ತೆಳುವಾದ ರಕ್ಷಾಪದರ ಉಂಟಾಗಿದೆ ಎಂದು ಲೋಹವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂಗಡಿಗಳಲ್ಲಿ ದೊರೆಯುವ ತುಕ್ಕು ಪರಿವರ್ತಕ ದ್ರವಗಳಲ್ಲಿ ಅನೇಕವು ಇರಿಸಿಕೊಂಡಿರುವುದು ಇದೇ ರಂಜಕದ ಆಮ್ಲವನ್ನು. ಆದರೆ ಸ್ತಂಭವು ದಪ್ಪನೆಯ ಗಟ್ಟಿ ಕಬ್ಬಿಣ, ಸುತ್ತಲೂ ಗಾಳಿಯಾಡುವಂಥದು. ಪಿಕಪ್ಪಿನ ಬಾಗಿಲಿನ ಹೊರತಗಡಾದರೋ ಸುಮಾರು 0.8 ಮಿಲಿಮೀಟರು ದಪ್ಪದ್ದು, ಒಳಗೆ ಗಾಳಿಯೇ ಆಡದಂಥದು. ದ್ರವವನ್ನು ಬಳಿದು ತುಕ್ಕು ಕಪ್ಪಾದೊಡನೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಮೇಲ್ಪದರದ ತೆಳು ತುಕ್ಕಿಗೆ ಅದು ಉಪಯುಕ್ತ; ತೂತಾದ ತಗಡಿಗೆ ಅದರಿಂದ ಪ್ರಯೋಜನವಿಲ್ಲ.

ಪರೀಕ್ಷೆ

ಕೆಲಸಕ್ಕೆ ಕೈಹಾಕುವ ಮೊದಲು ವಾಹನವನ್ನು ಒತ್ತಡದ ನೀರಿನಿಂದ ಅಡಿಯಿಂದಲೂ ತೊಳೆದು, ಎರಡು ದಿನ ಒಣಗಲು ಬಿಟ್ಟು, ಕ್ಯಾಬಿನ್ನಿನ ಆಸನ ಮತ್ತು ರಬ್ಬರು ಹಾಸುಗಳನ್ನು ಎತ್ತಿ ನೋಡಬೇಕು. ಹಾಸಿನ ಕೆಳಗೆ ಏನಿದೆ ಎಂಬುದನ್ನು ಎಷ್ಟೋ ಮಾಲೀಕರು ವಾಹನ ಕೊಂಡ ಮೇಲೆ ಒಮ್ಮೆಯೂ ನೋಡಿರುವುದಿಲ್ಲ. ಸಣ್ಣ ಸುತ್ತಿಗೆಯ ಹಿಡಿಯಿಂದ ತಗಡನ್ನು ತಟ್ಟುತ್ತ ಹೋದರೆ ಗಟ್ಟಿಯಾದ ಕಡೆ ಗಂಟೆಯಂತೆ ಸ್ವರ ಬರುತ್ತದೆ. ತಿಂದುಹೋದ ಕಡೆ ಮಂದವಾದ ಸದ್ದು ಬರುತ್ತದೆ. ಮೊಂಡಾದ ಸ್ಕ್ರೂ ಡ್ರೈವರನ್ನು ಒತ್ತಿದಾಗ ತಗಡು ಕುಸಿದರೆ ಸಂದೇಹಕ್ಕೆ ಎಡೆಯಿಲ್ಲ. ಹಿಂದೆ ಪುಟ್ಟಿ ತುಂಬಿ ಮುಚ್ಚಿದ ಭಾಗಗಳನ್ನು ಕಂಡುಹಿಡಿಯಲು ಸಣ್ಣ ಅಯಸ್ಕಾಂತವೊಂದು ಸಾಕು: ಪುಟ್ಟಿ ದಪ್ಪವಾಗಿರುವಲ್ಲಿ ಅದು ಅಂಟುವುದಿಲ್ಲ. ಹಳೆಯ ವಾಹನ ಕೊಳ್ಳುವವರು ಈ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು.

ಬಾಗಿಲುಗಳ ತಳ, ಚಕ್ರಗಳ ಮೇಲಿನ ಕಮಾನು, ಹತ್ತುವ ಮೆಟ್ಟಿಲು, ಮುಂಗಾಜಿನ ರಬ್ಬರಿನ ಕೆಳಮೂಲೆಗಳು, ಕ್ಯಾಬಿನ್ನಿಗೂ ಸರಕುಪೆಟ್ಟಿಗೆಗೂ ನಡುವಿನ ಕಿರಿದಾದ ಸಂದು, ಇವು ಸಾಮಾನ್ಯವಾಗಿ ಮೊದಲು ಕೆಡುವ ಸ್ಥಳಗಳು. ಆದರೆ ಹೆಚ್ಚಿನ ಎಚ್ಚರಿಕೆಯಿಂದ ನೋಡಬೇಕಾದುದು ಕಣ್ಣಿಗೆ ಬೀಳದ ಎರಡು ಭಾಗಗಳನ್ನು. ಒಂದು, ಹಾಸುತಗಡಿನ ಕೆಳಗಿನ ಅಡ್ಡಪಟ್ಟಿಗಳು. ಸರಕಿನ ಭಾರ ಬೀಳುವುದು ಇವುಗಳ ಮೇಲೆ. ಇನ್ನೊಂದು ಚಾಸಿ. ಅಡ್ಡಪಟ್ಟಿಗಳನ್ನು ಬದಲಿಸಬಹುದು. ಚಾಸಿಯ ಉದ್ದ ತೊಲೆಗಳಲ್ಲಿ ಪದರು ಪದರಾಗಿ ಕಬ್ಬಿಣ ಉದುರುತ್ತಿದ್ದರೆ, ಸ್ಪ್ರಿಂಗ್ ಪಟ್ಟಿಗಳು ಕೂಡುವ ಜಾಗದಲ್ಲಿ ಬಿರುಕು ಕಂಡರೆ, ಹೊರ ತಗಡಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡದಿರುವುದೇ ವಿವೇಕ. ಬೀದಿಬದಿಯಲ್ಲಿ ಚಾಸಿಗೆ ತೇಪೆ ಹಾಕಿಸಿ ಮೇಲೆ ಕಪ್ಪು ಬಣ್ಣ ಬಳಿಸಿದ ವಾಹನವು ಪೂರ್ಣ ಭಾರ ಹೊತ್ತು ಘಾಟಿಯಲ್ಲಿ ಇಳಿಯುವಾಗ ಚಾಲಕನೊಬ್ಬನಿಗಷ್ಟೇ ಅಲ್ಲ, ಎದುರು ಬರುವವರಿಗೂ ಅಪಾಯ.

ಕಾನೂನಿನ ಅಂಶಗಳು

ಸರಕು ವಾಹನವು ಮೋಟಾರು ವಾಹನಗಳ ಅಧಿನಿಯಮ, 1988ರ 56ನೆಯ ಪ್ರಕರಣದ ಮೇರೆಗೆ ಅರ್ಹತಾ ಪತ್ರವನ್ನು ಹೊಂದಿರಬೇಕು. ಚೆನ್ನೈಯಲ್ಲಿ ಎಫ್.ಸಿ. ಎಂದೂ ಮುಂಬಯಿ, ಪುಣೆಗಳಲ್ಲಿ ಪಾಸಿಂಗ್ ಎಂದೂ ಜನ ಕರೆಯುವುದು ಇದನ್ನೇ. ಎಂಟು ವರ್ಷದವರೆಗಿನ ವಾಹನಕ್ಕೆ ಇದನ್ನು ಎರಡು ವರ್ಷಗಳಿಗೊಮ್ಮೆಯೂ ಅದಕ್ಕಿಂತ ಹಳೆಯದಕ್ಕೆ ಪ್ರತಿ ವರ್ಷವೂ ನವೀಕರಿಸಬೇಕು. ತೂತು ಬಿದ್ದ ಒಡಲು, ಸಡಿಲವಾದ ಬಾಗಿಲು, ಚೂಪಾಗಿ ಹೊರಚಾಚಿದ ತಗಡಿನ ಅಂಚು ಇವು ಪರೀಕ್ಷೆಯಲ್ಲಿ ತಿರಸ್ಕಾರಕ್ಕೆ ಕಾರಣವಾಗಬಹುದು.

ತುಕ್ಕು ಹಿಡಿದ ತಗಡಿನ ಜಾಗದಲ್ಲಿ ಅದೇ ಅಳತೆಯ ತಗಡನ್ನು ಹಾಕಿಸುವುದು ದುರಸ್ತಿ. ಅವಕಾಶ ಸಿಕ್ಕಿತೆಂದು ಸರಕುಪೆಟ್ಟಿಗೆಯ ಉದ್ದವನ್ನೋ ಎತ್ತರವನ್ನೋ ಹೆಚ್ಚಿಸಿದರೆ ಅದು ದುರಸ್ತಿಯಲ್ಲ. 52ನೆಯ ಪ್ರಕರಣವು ನಿರ್ಬಂಧಿಸಿರುವ ಮಾರ್ಪಾಡು. ಬಣ್ಣ ಬದಲಿಸಿದರೆ ನೋಂದಣಿ ಪತ್ರದಲ್ಲಿ ಅದನ್ನು ದಾಖಲಿಸಬೇಕಾಗುತ್ತದೆ. ಚಾಸಿ ಸಂಖ್ಯೆಯನ್ನು ಒತ್ತಿರುವ ಭಾಗವನ್ನು ಕತ್ತರಿಸುವುದಾಗಲಿ, ಉಜ್ಜುವುದಾಗಲಿ, ದಪ್ಪ ಬಣ್ಣದಿಂದ ಮುಚ್ಚುವುದಾಗಲಿ ಸಲ್ಲದು. ಕೆಲಸದ ಮೊದಲು ಅದರ ಮೇಲೆ ಕಾಗದ ಅಂಟಿಸಿಡುವಂತೆ ಕೆಲಸಗಾರನಿಗೆ ಹೇಳುವುದು ಕ್ಷೇಮ.

ದೆಹಲಿಯಲ್ಲಿರುವವರು ಇನ್ನೊಂದು ಮಾತನ್ನು ಗಮನಿಸಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿಯೂ ನೀಡಿದ ಆದೇಶಗಳಿಂದ ರಾಜಧಾನಿ ವಲಯದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳಿಗೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೂ ನಿರ್ಬಂಧ ಉಂಟಾಯಿತು. ಈ ವಿಷಯದಲ್ಲಿ ಆಮೇಲೆಯೂ ಬದಲಾವಣೆಗಳು ಆಗುತ್ತ ಬಂದಿರುವುದರಿಂದ, ತಗಡು ಕೊಳ್ಳುವ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ದುರಸ್ತಿಗೆ ಮೀರಿದ ವಾಹನವನ್ನು 2021ರ ನಿಯಮಗಳಡಿ ನೋಂದಾಯಿತವಾದ ವಾಹನ ಕಳಚು ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣಪತ್ರ ಪಡೆಯಬಹುದು. ಹೊಸ ವಾಹನ ಕೊಳ್ಳುವಾಗ ರಸ್ತೆ ತೆರಿಗೆಯಲ್ಲಿ ರಿಯಾಯಿತಿಗೆ ಅದು ಆಧಾರವಾಗುತ್ತದೆ.

ತಗಡುಗಳನ್ನು ಪಡೆಯುವುದು

ಬಾಗಿಲು, ಮಡ್‌ಗಾರ್ಡ್, ಬಾನೆಟ್ಟುಗಳು ಇಡಿಯಾಗಿ ದೊರೆಯುತ್ತವೆ. ಬೋಲ್ಟು ಬಿಚ್ಚಿ ಬೋಲ್ಟು ಹಾಕುವ ಕೆಲಸವಾದ್ದರಿಂದ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಮುಂಬಯಿಯ ಕುರ್ಲಾ, ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿಗಳ ಹಳೆಯ ಬಿಡಿಭಾಗಗಳ ಪೇಟೆಯಲ್ಲಿ ಬಳಸಿದ ಬಾಗಿಲು ಅಗ್ಗವಾಗಿ ಸಿಗಬಹುದು. ಆದರೆ ಹೊಸ ಬಣ್ಣ ಬಳಿದ ಹಳೆಯ ಬಾಗಿಲಿನ ತಳವನ್ನು ತಿರುಗಿಸಿ ನೋಡದೆ ಹಣ ಕೊಡಬಾರದು, ರಸೀದಿಯಿಲ್ಲದೆ ಮಾಲನ್ನು ತರಬಾರದು. ಕಳವಾದ ವಾಹನದ ಭಾಗ ಕೈಸೇರಿದರೆ ಆಗುವ ತೊಂದರೆ ಉಳಿತಾಯವಾದ ಹಣಕ್ಕಿಂತ ದೊಡ್ಡದು.

ಹಾಸು, ಪಕ್ಕಗಳ ಕೆಳಭಾಗ, ಕ್ಯಾಬಿನ್ನಿನ ನೆಲ ಇವನ್ನು ಸಾಮಾನ್ಯವಾಗಿ ತಗಡು ಕೊಂಡು ಮಡಿಸಿಯೇ ಮಾಡಿಸಬೇಕು. ಗಟ್ಟಿಯಿರುವ ಭಾಗದಲ್ಲಿ ಹಳೆಯ ತಗಡಿನ ದಪ್ಪವನ್ನು ಅಳೆದು ಅಷ್ಟೇ ದಪ್ಪದ್ದನ್ನು ಕೊಳ್ಳಬೇಕು. ಪೇಟೆಯಲ್ಲಿ 20 ಗೇಜ್ ಎಂದರೆ ಸುಮಾರು 0.9 ಮಿಲಿಮೀಟರು, 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರು, ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು ಎಂಬುದು ಹೊಸಬರಿಗೆ ಗೊಂದಲ ಉಂಟುಮಾಡುವ ಸಂಗತಿ. ದಪ್ಪ ಹೆಚ್ಚಾದರೆ ಬಾಳಿಕೆ ಹೆಚ್ಚೆಂದು ಎಲ್ಲ ಕಡೆಯೂ ದಪ್ಪ ತಗಡನ್ನು ಹಾಕಿಸುವವರುಂಟು. ಅದರಿಂದ ವಾಹನದ ತೂಕ ಏರಿ, ಹೊರಬಹುದಾದ ಸರಕಿನ ತೂಕ ಅಷ್ಟೇ ಇಳಿಯುತ್ತದೆ.

ತುಕ್ಕು ಹಿಡಿದ ಹಾಸಿನ ಮೇಲೆಯೇ ಅಲ್ಯುಮಿನಿಯಂ ಹಾಳೆಯನ್ನು ಹೊದಿಸಿ ರಿವೆಟ್ ಹೊಡೆಸುವ ರೂಢಿಯನ್ನು ಇಲ್ಲಿಯೇ ಹೆಸರಿಸಬೇಕು. ಅಗ್ಗವಾದ, ಬೇಗ ಮುಗಿಯುವ ಕೆಲಸವೆಂದು ಇದು ಹೆಚ್ಚು ಪ್ರಚಾರದಲ್ಲಿದೆ. ಎರಡು ಹಾಳೆಗಳ ನಡುವೆ ಸೇರಿದ ಉಪ್ಪುನೀರು ಆರುವುದೇ ಇಲ್ಲ. ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡಾಗ ಸಣ್ಣ ವಿದ್ಯುತ್ ಕೋಶವೇ ಏರ್ಪಟ್ಟು ಅಲ್ಯುಮಿನಿಯಂ ಬಿಳಿಯ ಪುಡಿಯಾಗತೊಡಗುತ್ತದೆ. ಕೆಳಗಿನ ಕಬ್ಬಿಣ ತೇವದಲ್ಲಿ ಕುಳಿತು ಕಾಣದಂತೆ ಕರಗುತ್ತದೆ. ಮೇಲಿನಿಂದ ಹಾಸು ಹೊಳೆಯುತ್ತಿರುವಾಗಲೇ ಕೆಳಗಿನ ಅಡ್ಡಪಟ್ಟಿ ಮುರಿದಿರಬಹುದು.

ಕತ್ತರಿಸುವುದು, ಬೆಸೆಯುವುದು

ದಕ್ಷಿಣದ ನಗರಗಳಲ್ಲಿ ಟಿಂಕರಿಂಗ್, ಮುಂಬಯಿ ದೆಹಲಿಗಳಲ್ಲಿ ಡೆಂಟಿಂಗ್ ಎಂದು ಹೆಸರಾದ ಈ ಕೆಲಸಕ್ಕೆ ನವೆಂಬರಿನಿಂದ ಮೇ ತಿಂಗಳವರೆಗಿನ ಅವಧಿ ಮುಂಬಯಿಯಲ್ಲಿ ಪ್ರಶಸ್ತ. ಚೆನ್ನೈಯಲ್ಲಿ ಈಶಾನ್ಯ ಮಾರುತದ ಮಳೆ ಮುಗಿದ ಮೇಲೆ, ಜನವರಿಯಿಂದ ಕೈಗೊಳ್ಳುವುದು ಮೇಲು. ಬಣ್ಣ ಕಳೆದು ಬರಿದಾದ ತಗಡು ಮಳೆಗಾಲದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಾಗುತ್ತದೆ.

ಬೆಂಕಿಯ ಕೆಲಸ ಮೊದಲಾಗುವ ಮುನ್ನ ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಆಸನ, ಒಳಹೊದಿಕೆ, ರಬ್ಬರು ಎಲ್ಲವನ್ನೂ ಹೊರತೆಗೆಯಬೇಕು. ಇಂಧನದ ಟ್ಯಾಂಕು ಹತ್ತಿರವಿದ್ದರೆ ಅದನ್ನು ಬಿಚ್ಚಿ ದೂರ ಇರಿಸಬೇಕು. ಟ್ಯಾಂಕು ಖಾಲಿಯಿದೆ ಎಂಬುದು ಧೈರ್ಯಕ್ಕೆ ಕಾರಣವಾಗಬಾರದು. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕು ಹೆಚ್ಚು ಅಪಾಯಕಾರಿ. ಸಿ.ಎನ್.ಜಿ. ಸಿಲಿಂಡರು ಇರುವ ವಾಹನವಾದರೆ ಅದನ್ನು ಅಧಿಕೃತ ಕೆಲಸಗಾರನಿಂದಲೇ ತೆಗೆಸಿ, ಮರಳಿ ಕೂರಿಸಿದ ಮೇಲೆ ಸೋರಿಕೆಯನ್ನು ಪರೀಕ್ಷಿಸಬೇಕು. ನೀರಿನ ಬಕೆಟ್ಟು, ಅಗ್ನಿಶಾಮಕ ಇವೆರಡೂ ಕೈಗೆಟಕುವಂತಿರಲಿ.

ಕತ್ತರಿಸುವ ಗೆರೆಯನ್ನು ತುಕ್ಕಿನ ಅಂಚಿನಲ್ಲಿ ಎಳೆಯುವುದು ಎಲ್ಲೆಡೆ ಕಂಡುಬರುವ ತಪ್ಪು. ತುಕ್ಕು ಕಾಣುವಲ್ಲಿಂದ ಆಚೆಗೆ ಉಜ್ಜುತ್ತ ಹೋಗಿ, ಲೋಹ ಬೆಳ್ಳಗೆ ಹೊಳೆಯುವ ಜಾಗ ಸಿಕ್ಕಿದ ಮೇಲೆ ಇನ್ನೂ 25 ಮಿಲಿಮೀಟರಿನಷ್ಟು ಮುಂದಕ್ಕೆ ಗೆರೆ ಎಳೆಯಬೇಕು. ಮೂಲೆಗಳನ್ನು ಚೌಕವಾಗಿ ಕತ್ತರಿಸದೆ ದುಂಡಾಗಿಸಿದರೆ ಬಿರುಕು ಹುಟ್ಟುವುದಿಲ್ಲ. ಕ್ಯಾಬಿನ್ನಿನ ನೆಲ ಅಥವಾ ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಭಾಗವನ್ನು ಕತ್ತರಿಸುವಾಗ ಬಾಗಿಲುಗಳನ್ನು ಮುಚ್ಚಿಯೇ ಇರಿಸಿ, ಒಳಗೆ ತಾತ್ಕಾಲಿಕವಾಗಿ ಕಬ್ಬಿಣದ ಸಲಾಕೆಯೊಂದನ್ನು ಅಡ್ಡವಾಗಿ ಬೆಸೆಯಬೇಕು. ಒಂದೇ ಸಲ ಎರಡೂ ಪಕ್ಕಗಳನ್ನು ಕತ್ತರಿಸಿದರೆ ಚೌಕಟ್ಟು ವಾಲಿ, ಆಮೇಲೆ ಬಾಗಿಲು ಕೂಡುವುದೇ ಇಲ್ಲ. ಕಾರ್ಖಾನೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸೆದಿರುವ ಕಡೆಗಳಲ್ಲಿ ಆ ಚುಕ್ಕೆಗಳನ್ನು ಡ್ರಿಲ್ಲಿನಿಂದ ಕೊರೆದು ಬಿಡಿಸುವುದು ಸರಿಯಾದ ಕ್ರಮ. ಉಳಿಯಿಂದ ಹೊಡೆದು ಹರಿದರೆ ಒಳಗಿನ ಒಳ್ಳೆಯ ತಗಡೂ ಹಾಳಾಗುತ್ತದೆ.

ಹೊರತಗಡನ್ನು ತೆಗೆದಾಗ ಮಾತ್ರ ಒಳಮೈ ಕಣ್ಣಿಗೆ ಬೀಳುತ್ತದೆ. ಈ ಅವಕಾಶ ಇನ್ನೊಮ್ಮೆ ಬರುವುದಿಲ್ಲವಾದ್ದರಿಂದ ಅವಸರ ಮಾಡಬಾರದು. ಒಳಗಿನ ಮಣ್ಣು, ಪದರು ತುಕ್ಕು ಎಲ್ಲವನ್ನೂ ತಂತಿ ಬ್ರಷ್ಷಿನಿಂದ ತೆಗೆದು, ಉಳಿದ ತೆಳು ತುಕ್ಕಿಗೆ ಪರಿವರ್ತಕ ಬಳಿದು, ಒಣಗಿದ ಮೇಲೆ ಪ್ರೈಮರ್ ಹಚ್ಚಬೇಕು. ಬೆಸುಗೆ ಬೀಳುವ ಅಂಚುಗಳಿಗೆ ಸತುವಿನ ಅಂಶವಿರುವ, ಬೆಸುಗೆಗೆ ಅಡ್ಡಿಯಾಗದ ಪ್ರೈಮರ್ ಬೇರೆಯೇ ಇದೆ.

ತೆಳು ತಗಡಿಗೆ ಸಿ.ಒ.ಟು ವೆಲ್ಡಿಂಗ್ ಉತ್ತಮ. ಗ್ಯಾಸ್ ವೆಲ್ಡಿಂಗಿನಲ್ಲಿ ಶಾಖವು ಅಗಲಕ್ಕೆ ಹರಡಿ ತಗಡು ಅಲೆಯಲೆಯಾಗುತ್ತದೆ. ಸಾಮಾನ್ಯ ಕರೆಂಟ್ ವೆಲ್ಡಿಂಗ್ ತೂತು ಮಾಡುತ್ತದೆ, ಅದು ಅಡ್ಡಪಟ್ಟಿಗಳಂಥ ದಪ್ಪ ಭಾಗಗಳಿಗೆ ಸೂಕ್ತ. ಯಾವುದೇ ಆದರೂ ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಸಮನೆ ಬೆಸೆಯಬಾರದು. ಇಲ್ಲೊಂದು, ಅಲ್ಲೊಂದು ಟಾಕಿ ಹಾಕುತ್ತ, ತಗಡು ಆರಲು ಬಿಡುತ್ತ, ನಡುವಿನ ಅಂತರವನ್ನು ತುಂಬುತ್ತ ಬರಬೇಕು. ನಿಧಾನವಾದ ಕೆಲಸ, ಕೂಲಿಯೂ ಹೆಚ್ಚು. ಒಂದೇ ದಿನದಲ್ಲಿ ಮುಗಿಸಿಕೊಡುವೆನೆನ್ನುವ ಕೆಲಸಗಾರನು ಬಹುಮಟ್ಟಿಗೆ ತೂತಿನ ಮೇಲೆ ಜಾಲರಿ ಇಟ್ಟು ಪುಟ್ಟಿ ಮೆತ್ತುವವನೇ ಆಗಿರುತ್ತಾನೆ. ವೆಲ್ಡಿಂಗಿನ ಅರ್ಥ್ ಹಿಡಿಯನ್ನು ಬೆಸೆಯುವ ಜಾಗದ ಹತ್ತಿರವೇ ಸಿಕ್ಕಿಸಬೇಕು. ದೂರದಲ್ಲಿಟ್ಟರೆ ವಿದ್ಯುತ್ತು ಚಕ್ರದ ಬೇರಿಂಗುಗಳ ಮೂಲಕ ಹರಿದು ಅವು ಕೆಡುವ ಸಂಭವವಿದೆ.

ಕೆಲಸಗಾರನ ಆರೋಗ್ಯವೂ ಮಾಲೀಕನ ಹೊಣೆಯೇ. ಸತುವಿನ ಲೇಪವಿರುವ ಜಿ.ಐ. ತಗಡನ್ನು ಬೆಸೆಯುವಾಗ ಏಳುವ ಬಿಳಿಯ ಹೊಗೆಯನ್ನು ಸೇವಿಸಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ. ಮಲೇರಿಯವೆಂದು ತಪ್ಪು ತಿಳಿಯುವುದೂ ಉಂಟು. ಬೆಸುಗೆಯ ಅಂಚಿನಲ್ಲಿ ಸತುವನ್ನು ಉಜ್ಜಿ ತೆಗೆಯುವುದು, ಗಾಳಿಯಾಡುವ ಕಡೆ ಕೆಲಸ ಮಾಡುವುದು ಇದಕ್ಕೆ ಪರಿಹಾರ. ಹಳೆಯ ಬಣ್ಣದ ಧೂಳಿನಲ್ಲಿ ಸೀಸವಿರಬಹುದು. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಪಿ.ಯು. ಬಣ್ಣದ ತುಂತುರು ಆಸ್ತಮಾ ತರಬಲ್ಲದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ, ತಕ್ಕ ಮುಖವಾಡವೇ ಬೇಕು.

ಬೆಸುಗೆಯ ನಂತರ

ಬೆಸುಗೆಯನ್ನು ಉಜ್ಜಿ ಸಮ ಮಾಡಿದ ದಿನವೇ ಪ್ರೈಮರ್ ಬೀಳಬೇಕು. ಕೆಂಪು ಆಕ್ಸೈಡ್ ಪ್ರೈಮರ್ ಅಗ್ಗವೂ ಪರಿಚಿತವೂ ಆಗಿದ್ದರೂ ಉಪ್ಪುನೀರು ತಾಗುವ ವಾಹನಕ್ಕೆ ಎಪಾಕ್ಸಿ ಪ್ರೈಮರ್ ಹೆಚ್ಚು ಬಾಳುತ್ತದೆ. ತಗಡುಗಳು ಕೂಡುವ ಸಂದುಗಳಿಗೆ ಸೀಲರ್ ತುಂಬಬೇಕು. ಪುಟ್ಟಿಯನ್ನು ಇದರ ಮೇಲೆ ಮಾತ್ರ, ಅದೂ ಮೇಲ್ಮೈಯ ಸಣ್ಣ ಏರಿಳಿತವನ್ನು ಸರಿಪಡಿಸುವಷ್ಟು ತೆಳುವಾಗಿ ಬಳಸಬೇಕು. ಪುಟ್ಟಿ ನೀರನ್ನು ಹೀರುವ ಪದಾರ್ಥ. ಬಲಕ್ಕೆ ಅದನ್ನು ನಂಬಲಾಗದು.

ಬಣ್ಣ ಆರಿದ ಮೇಲೆ, ಬೆಸುಗೆಯ ಶಾಖಕ್ಕೆ ಒಳಮೈಯ ಪ್ರೈಮರ್ ಸುಟ್ಟಿರುವ ಕಡೆಗಳಿಗೆ, ನೀರು ಬಸಿಯುವ ರಂಧ್ರಗಳ ಮೂಲಕ ಉದ್ದ ನಳಿಕೆಯಿಂದ ಮೇಣದಂಥ ತುಕ್ಕುನಿರೋಧಕ ದ್ರವವನ್ನು ಸಿಂಪಡಿಸಬೇಕು. ದುರಸ್ತಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಹಂತ ಇದೇ. ಇದನ್ನು ಬಿಟ್ಟರೆ ಹೊಸ ತಗಡು ಹಳೆಯದಕ್ಕಿಂತ ಬೇಗ ಕೆಡುತ್ತದೆ, ಏಕೆಂದರೆ ಕಾರ್ಖಾನೆಯಲ್ಲಿ ಇಡಿಯ ಒಡಲನ್ನು ಅದ್ದಿ ತೆಗೆಯುವ ಲೇಪನ ಇದಕ್ಕಿಲ್ಲ. ಮಳೆಗಾಲಕ್ಕೆ ಮುಂಚೆ ಅಡಿಮೈಗೆ ಬಳಸಿದ ಇಂಜಿನ್ ಎಣ್ಣೆ ಹೊಡೆಸುವ ಹಳೆಯ ಪದ್ಧತಿಯಿಂದ ಸ್ವಲ್ಪ ರಕ್ಷಣೆ ಸಿಗುವುದು ನಿಜ. ಆದರೆ ಅದು ರಬ್ಬರನ್ನು ಉಬ್ಬಿಸುತ್ತದೆ, ಬ್ರೇಕಿಗೆ ತಾಗಿದರೆ ಅಪಾಯ, ನೆಲಕ್ಕೂ ನೀರಿಗೂ ವಿಷ.

ಬಸಿಯುವ ರಂಧ್ರಗಳನ್ನು ಹೊಸ ಬಾಗಿಲಿನಲ್ಲಿ ಬಣ್ಣವಾಗಲಿ ಸೀಲರಾಗಲಿ ಮುಚ್ಚದಂತೆ ನೋಡಿಕೊಳ್ಳಬೇಕು. ಮೀನಿನ ವಾಹನದಲ್ಲಿ ಹಾಸನ್ನು ಮಡಿಸುವಾಗಲೇ ಹಿಂಬದಿಗೆ ಸ್ವಲ್ಪ ಇಳಿಜಾರು ಕೊಟ್ಟು, ಮೂಲೆಯಲ್ಲಿ ನಳಿಗೆ ಕೂರಿಸಿ, ನೀರು ಚಾಸಿಯ ಮೇಲೆ ಬೀಳದಂತೆ ಡಬ್ಬಿಯೊಂದಕ್ಕೆ ಇಳಿಸಿದರೆ ಅಡ್ಡಪಟ್ಟಿಗಳು ಉಳಿಯುತ್ತವೆ, ರಸ್ತೆಯೂ ಸ್ವಚ್ಛವಾಗಿರುತ್ತದೆ. ಪ್ರತಿದಿನ ಸಿಹಿನೀರಿನಿಂದ ಹಾಸಿನ ಅಡಿಯನ್ನೂ ತೊಳೆಯಬೇಕು. ತೊಳೆದ ಮೇಲೆ ಹಿಂಬಾಗಿಲನ್ನು ತೆರೆದಿಟ್ಟು ಒಣಗಿಸಬೇಕು.

ವಾಹನವನ್ನು ಅರ್ಹತಾ ಪರೀಕ್ಷೆಗೆ ಒಯ್ಯುವ ಮುನ್ನ ಪಕ್ಕಗಳ ಮೇಲೆ ಬರೆದಿದ್ದ ನೋಂದಣಿ ಸಂಖ್ಯೆ ಮೊದಲಾದ ವಿವರಗಳನ್ನು ಮತ್ತೆ ಬರೆಯಿಸಿ, ಬೆಳಕು ಪ್ರತಿಫಲಿಸುವ ಪಟ್ಟಿಗಳನ್ನು ಹೊಸದಾಗಿ ಅಂಟಿಸಬೇಕು. ಹಿಂಬದಿಯ ತಗಡು ಬದಲಾದಾಗ ಸಂಖ್ಯಾಫಲಕವನ್ನು ಕಿತ್ತು ಬೀದಿಯಲ್ಲಿ ಸ್ಕ್ರೂ ಹೊಡೆಸದೆ ಅಧಿಕೃತ ಕೇಂದ್ರದಲ್ಲಿಯೇ ಕೂರಿಸಬೇಕು. ಮೊದಲ ಮಳೆಗಾಲ ಕಳೆದ ಮೇಲೆ ಒಮ್ಮೆ ಹಾಸುಗಳನ್ನೆತ್ತಿ, ರಂಧ್ರಗಳಿಗೆ ತಂತಿ ಆಡಿಸಿ, ಬೆಸುಗೆಯ ಗೆರೆಗಳ ಮೇಲೆ ಬೆರಳಾಡಿಸಿ ನೋಡಬೇಕು. ಬಣ್ಣ ಎಲ್ಲಿಯಾದರೂ ಉಬ್ಬಿದ್ದರೆ ಆ ಅಂಗೈಯಗಲದ ಜಾಗವನ್ನು ಆಗಲೇ ಉಜ್ಜಿ ಪ್ರೈಮರ್ ಹಚ್ಚಿಸುವುದು ಅರ್ಧ ದಿನದ ಕೆಲಸ.